ನೆತ್ತರಿಗೊಂದು ಕರೆ

ನಿವೃತ್ತಿಯಾದ ಮೇಲೆ ಗುರುಪಾದಪ್ಪ ಕೋಟ್ಯಾಳ ಮಾಸ್ತರರಿಗೆ ಮಾತಿನ ಚಟ ಹತ್ತಿತು ಎಂದು ಮನೆಯವರೆಲ್ಲ ನಂಬಿದ್ದರು. ವಿಜಯಪುರದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದಾಗ ಕಣ್ಸನ್ನೆ ಕೈಸನ್ನೆಯಲ್ಲೇ ಇಡೀ ಮೈದಾನವನ್ನು ಆಳಿದ ಮನುಷ್ಯ ಅವರು. ಈಗ ಹಾಲು ತರಲು ಹೊರಟರೆ ಮೊದಲು ಇಸ್ತ್ರಿ ಅಂಗಡಿಯ ಮುಂದೆ ನಿಂತು ಬಿಸಿಲಿನ ಬಗ್ಗೆ ಮಾತಾಡುತ್ತಿದ್ದರು. ಅಲ್ಲಿಂದ ನಾಲ್ಕು ಮನೆ ದಾಟಿ ಹಣ್ಣಿನ ಗಾಡಿಯ ಬಳಿ ನಿಂತು, ಕೊಳ್ಳದ ದ್ರಾಕ್ಷಿಯ ತಳಿ ಯಾವುದೆಂದು ವಿಚಾರಿಸುತ್ತಿದ್ದರು. ಮುಂದೆ ಔಷಧದಂಗಡಿಯ ಕಟ್ಟೆ. ಅವರು ಮನೆ ಮುಟ್ಟುವ ಹೊತ್ತಿಗೆ ಒಲೆಯ ಮೇಲಿನ ಚಹಾದ ನೀರು ಅರ್ಧ ಇಂಗಿರುತ್ತಿತ್ತು.

"ನಮ್ಮ ಮನಿಗೆ ಹಾಲು ದಾರ್ಯಾಗ ಮಸರಾಗಿ ಬರ್ತೈತಿ" ಎಂದು ಹೆಂಡತಿ ಸುಭದ್ರವ್ವ ನಗುತ್ತಿದ್ದಳು.

ಮಗಳು ನೀಲಾಂಬಿಕಾ ಒಂದು ಭಾನುವಾರ ತಂದೆಯ ಜೊತೆ ನಡೆದು ಹೋದಳು. ಆಕೆ ಸೈಕಲ್ ಪಟು. ಸೈಕಲ್ ಪಂದ್ಯದ ಅಂಗಳವಾದ ವೆಲೋಡ್ರೋಮಿನ ಇಳಿಜಾರು ಟ್ರ್ಯಾಕಿನಲ್ಲಿ ಕೆಲವೇ ಸೆಕೆಂಡುಗಳ ಕಾಲ ಮೈಯ ಕಸುವನ್ನೆಲ್ಲ ಸುರಿದು ಓಡಿಸುವ ಸ್ಪ್ರಿಂಟ್ ಪಂದ್ಯ ಆಕೆಯದು. ವಾರವೆಲ್ಲ ಅಭ್ಯಾಸವಿರುವುದರಿಂದ ತಂದೆಯೊಡನೆ ಬೀದಿಗಿಳಿದು ಎಷ್ಟೋ ತಿಂಗಳಾಗಿತ್ತು. ಇಸ್ತ್ರಿ ಅಂಗಡಿಯ ಮುಂದೆ ಮಾಸ್ತರರು ಎಂದಿನಂತೆ ನಿಂತರು. ಅಂಗಡಿಯವನು ಫೋನಿನಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದ, ಇವರ ಕಡೆ ನೋಡಲೂ ಇಲ್ಲ. ಆದರೂ ಮಾಸ್ತರರು ನಿಂತೇ ಇದ್ದರು. ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಕದಂತೆ ಎತ್ತಿ ಹಿಡಿದಿದ್ದರು. ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು.

"ಅಪ್ಪಾ, ಕಾಲು ನೋಯಾಕತ್ತೈತೇನು?"

"ಏ, ಇಲ್ಲವಾ. ಈತ ಕರದಾ, ಅದಕ್ಕ ನಿಂತೆ."

ನೀಲಾ ಆ ಹಿಮ್ಮಡಿಯನ್ನೇ ನೋಡಿದಳು. ರಕ್ತ ಸಾಲದ ಕಾಲು ಹೇಗೆ ನಿಲ್ಲುತ್ತದೆ ಎಂಬುದು ಆಕೆಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಕೊನೆಯ ಸುತ್ತು ಮುಗಿಸಿ ಸೈಕಲ್ಲಿನಿಂದ ಇಳಿದಾಗ ತನ್ನ ಮೀನಖಂಡವೂ ಹೀಗೇ ಕಲ್ಲಾಗಿ ಉರಿಯುತ್ತಿತ್ತು. ತಂದೆಗೆ ಮಾತಿನ ಚಟ ಹತ್ತಿರಲಿಲ್ಲ. ಅವರು ಅಂಗಡಿಯಿಂದ ಅಂಗಡಿಗೆ ನೋವನ್ನು ದಾಟಿಸಿಕೊಂಡು ಹೋಗುತ್ತಿದ್ದರು. ಮರುದಿನವೇ ಆಕೆ ಹಟಮಾಡಿ ಆಸ್ಪತ್ರೆಗೆ ಕರೆದೊಯ್ದಳು.

ತಪಾಸಣೆ ಮಾಡಿದ ವೈದ್ಯರು ವಿಷಯವನ್ನು ಮುಚ್ಚಿಡಲಿಲ್ಲ. ಸಕ್ಕರೆ ಕಾಯಿಲೆ ಮತ್ತು ತಂಬಾಕು ಸೇರಿ ಎಡತೊಡೆಯ ದೊಡ್ಡ ರಕ್ತನಾಳವನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟಿದ್ದವು. ಮೊಣಕಾಲಿನ ಕೆಳಗಿನ ನಾಳಗಳು ಎಷ್ಟು ಸಣ್ಣವಾಗಿದ್ದವೆಂದರೆ ಬದಲಿ ದಾರಿ ಹೊಲಿದರೂ ಅದನ್ನು ಜೋಡಿಸಲು ಜಾಗವಿರಲಿಲ್ಲ. ಕಿರುಬೆರಳಿನ ಮೇಲೊಂದು ಹುಣ್ಣಾಗಿತ್ತು. ಮಾಸ್ತರರು ಅದನ್ನೂ ಕಾಲುಚೀಲದಲ್ಲಿ ಬಚ್ಚಿಟ್ಟಿದ್ದರು. ಔಷಧ ಕೊಡುತ್ತೇವೆ, ತಂಬಾಕು ಇವತ್ತಿಗೇ ಬಿಡಬೇಕು, ಹುಣ್ಣು ಮೇಲೇರಿದರೆ ಮಾತ್ರ ಪಾದ ತೆಗೆಯುವುದು ಬಿಟ್ಟು ಬೇರೆ ದಾರಿ ಇಲ್ಲ ಎಂದರು.

ಬರುವಾಗ ಆಟೋದಲ್ಲಿ ಮಾಸ್ತರರು ತಂಬಾಕಿನ ಪೊಟ್ಟಣವನ್ನು ರಸ್ತೆಗೆಸೆದು, "ಮೂವತ್ತ ವರ್ಷ ಹುಡುಗುರಿಗೆ ಓಡ್ರಲೇ ಓಡ್ರಲೇ ಅಂದೆ. ಈಗ ಕಾಲ ನನಗ ನಿಲ್ಲು ಅಂತೈತಿ ನೋಡವಾ" ಎಂದು ನಕ್ಕರು. ನೀಲಾಳಿಗೆ ನಗು ಬರಲಿಲ್ಲ. ಆಕೆಯ ತಲೆಯಲ್ಲಿ ಆಗಲೇ ಒಂದು ಪ್ರಶ್ನೆ ಹುಟ್ಟಿಕೊಂಡಿತ್ತು.

ವೆಲೋಡ್ರೋಮಿಗೆ ಅಂಟಿಕೊಂಡಂತೆ ಕ್ರೀಡಾಪಟುಗಳ ದೇಹವನ್ನು ಅಧ್ಯಯನ ಮಾಡುವ ಒಂದು ಪ್ರಯೋಗಾಲಯವಿತ್ತು. ಅದನ್ನು ನಡೆಸುತ್ತಿದ್ದವರು ಡಾ. ತಬಸ್ಸುಮ್ ಇನಾಮದಾರ. ಹಿಂದಿನ ವರ್ಷ ಪಂದ್ಯದಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡು ನೀಲಾ ಹಾಸಿಗೆ ಹಿಡಿದಿದ್ದಾಗ ಅವರು ಆಕೆಯ ಎರಡೂ ತೊಡೆಗೆ ಅಗಲವಾದ ಮೆತ್ತನೆಯ ಪಟ್ಟಿ ಕಟ್ಟಿದ್ದರು. ಪ್ರಯೋಗಾಲಯದವರು ಅದನ್ನು 'ಕರೆಪಟ್ಟಿ' ಎನ್ನುತ್ತಿದ್ದರು.

ಅದರ ಗುಟ್ಟು ಇಷ್ಟೇ. ವ್ಯಾಯಾಮ ಮಾಡುವಾಗ ಸ್ನಾಯುವಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಅಲ್ಲಿನ ಜೀವಕೋಶಗಳು ಒಂದು ಪ್ರೋಟೀನನ್ನು ಹೊರಸೂಸಿ ಸುತ್ತಮುತ್ತಲಿನ ನೆತ್ತರಿಗೆ ಕರೆ ಕಳಿಸುತ್ತವೆ. ಆ ಕರೆ ತಲುಪಿದ ಕಡೆ, ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಲೋಮನಾಳದ ಗೋಡೆ ಸಡಿಲಗೊಂಡು, ಒಂದು ಕೋಶ ಕರೆ ಬಂದ ದಿಕ್ಕಿಗೆ ಮುಂದಡಿ ಇಡುತ್ತದೆ. ಉಳಿದವು ಅದರ ಬೆನ್ನು ಹಿಡಿಯುತ್ತವೆ. ಹೀಗೆ ಹೊಸ ಕವಲೊಡೆದು, ಅದರಲ್ಲಿ ರಕ್ತ ಹರಿದು, ಸ್ನಾಯುವಿನ ಮೂಲೆಮೂಲೆಗೂ ಉಸಿರು ಮುಟ್ಟುತ್ತದೆ. ಕ್ರೀಡಾಪಟುವಿನ ಕಾಲು ತಿಂಗಳಿಂದ ತಿಂಗಳಿಗೆ ಗಟ್ಟಿಯಾಗುವುದಕ್ಕೆ ಇದೂ ಒಂದು ಕಾರಣ. ಕರೆಪಟ್ಟಿ ಸೈಕಲ್ ತುಳಿಯುವವರ ತೊಡೆಯ ಮೇಲಿದ್ದರೆ ಆ ಕರೆಯ ಏರಿಳಿತವನ್ನು ಗ್ರಹಿಸಿ ಇಟ್ಟುಕೊಳ್ಳುತ್ತಿತ್ತು. ಮಲಗಿದವರ ತೊಡೆಗೆ ಕಟ್ಟಿದರೆ ಅದೇ ಏರಿಳಿತದಲ್ಲಿ ಮೆಲ್ಲಗೆ ಒತ್ತಿ, ಬಿಟ್ಟು, ನವಿರಾಗಿ ವಿದ್ಯುತ್ ಹಾಯಿಸಿ, ತಾನೇ ಸೈಕಲ್ ತುಳಿದೆನೆಂಬ ಭ್ರಮೆಯನ್ನು ಸ್ನಾಯುವಿಗೆ ಹುಟ್ಟಿಸುತ್ತಿತ್ತು. ನೀಲಾಳ ಹಳೆಯ ಅಭ್ಯಾಸದ ಕರೆಯನ್ನೇ ಆಕೆಯ ಮಲಗಿದ ಕಾಲಿಗೆ ಕೇಳಿಸಿದ್ದರಿಂದ ಆಕೆ ಮತ್ತೆ ಟ್ರ್ಯಾಕಿಗಿಳಿದಾಗ ಕಾಲಿನ ಕಸುವು ಹೆಚ್ಚೇನೂ ಇಳಿದಿರಲಿಲ್ಲ.

"ಮೇಡಂ, ನನ್ನ ಕರೆ ನಮ್ಮಪ್ಪನ ಕಾಲಿಗೆ ತಿಳೀತೈತೇನ್ರಿ?" ಎಂದು ನೀಲಾ ಕೇಳಿದಳು.

ತಬಸ್ಸುಮ್ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. "ಒಬ್ಬರ ಕರೆ ಇನ್ನೊಬ್ಬರಿಗೆ ಹತ್ತಂಗಿಲ್ಲ ನೀಲಾ. ನಾವು ಗೆಳತ್ಯಾರ ನಡುವ ಮಾಡಿ ನೋಡೇವಿ. ಸ್ನಾಯು ಅದನ್ನ ಕೇಳೂದs ಇಲ್ಲ."

"ರಕ್ತಸಂಬಂಧ ಇದ್ರ?"

"ಅದು ಯಾರೂ ನೋಡಿಲ್ಲ." ಲೋಟವನ್ನು ಬದಿಗೆ ಸರಿಸಿ ಅವರು ಕೇಳಿದರು. "ನಿಮ್ಮಪ್ಪ ಅಂದ್ರ ಕೋಟ್ಯಾಳ ಮಾಸ್ತರ್ರಲ್ಲಾ? ನನಗ ಲಾಂಗ್ ಜಂಪ್ ಕಲಿಸಿದವ್ರು. ಬುರ್ಖಾ ಹಾಕ್ಕೊಂಡ ಹುಡುಗಿ ಜಿಗೀತಾಳಂತ ಹುಡುಗ್ರು ನಕ್ಕಾಗ, ನಕ್ಕವರೆಲ್ಲಾರ್ನೂ ನನ್ನ ಹಿಂದ ಜಿಗಿಸಿದ್ರು. ಒಬ್ಬನೂ ನನ್ನ ಗೆರಿ ಮುಟ್ಟಲಿಲ್ಲ." ಅವರ ಮುಖ ಅರಳಿತು. "ಕರಕೊಂಡ ಬಾ. ಆದ್ರ ಆಸೆ ಹಚ್ಚಬ್ಯಾಡ."

ಪ್ರಯೋಗಕ್ಕೆ ಆಸ್ಪತ್ರೆಯ ಅನುಮತಿ ಸಿಗುವವರೆಗೆ ಕಾಯಬೇಕಾಯಿತು. ಸಿಕ್ಕ ದಿನ ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪ್ರಯೋಗಾಲಯದ ಮಂಚದ ಮೇಲೆ ಮದುಮಗನಂತೆ ಕುಳಿತರು. ನೀಲಾಳ ಸ್ಪ್ರಿಂಟ್ ಅಭ್ಯಾಸದ ಕರೆಯನ್ನು ಅವರ ಎಡತೊಡೆಗೆ ಕೇಳಿಸಿದರು. ಪರದೆಯ ಮೇಲಿನ ಗೆರೆ ಮೊದಲು ಸತ್ತಂತೆ ಮಲಗಿತ್ತು. ಆಮೇಲೆ ಮೆಲ್ಲಗೆ ತಲೆಯೆತ್ತಿತು. ತಬಸ್ಸುಮ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಕೇಳಸಾಕತ್ತೈತ್ರಿ ಸರ್! ನಿಮ್ಮ ಕಾಲು ಮಗಳ ಮಾತು ಕೇಳಾಕತ್ತೈತಿ!"

"ನಾನೂ ಆಕಿ ಮಾತs ಕೇಳೂದು. ಕಾಲೇನ್ ಬ್ಯಾರೆ ಕೇಳ್ತೈತಿ?" ಎಂದರು ಮಾಸ್ತರರು.

ಸಂತೋಷ ಒಂದು ವಾರ ಉಳಿಯಿತು. ಆಮೇಲೆ ತೊಡೆ ಕೆಂಪಗೆ ಊದಿಕೊಂಡು ಕಾಯತೊಡಗಿತು. ಸುಭದ್ರವ್ವ ಅಳುತ್ತಾ ಒದ್ದೆ ಬಟ್ಟೆ ಸುತ್ತಿದಳು. ಪಟ್ಟಿಯನ್ನು ತಕ್ಷಣ ಬಿಚ್ಚಿಸಿದ ತಬಸ್ಸುಮ್ ಎರಡು ದಿನ ಕಾಲಿನ ರಕ್ತನಾಳಗಳ ಸ್ಕ್ಯಾನ್ ಚಿತ್ರಗಳನ್ನೆಲ್ಲ ಹರಡಿಕೊಂಡು ಕುಳಿತು ತಪ್ಪು ಎಲ್ಲಿದೆಯೆಂದು ಕಂಡುಕೊಂಡರು. ಸ್ಪ್ರಿಂಟಿನ ಕರೆ ಚೀರಾಟದಂಥದು. ಹರೆಯದ ಗಟ್ಟಿ ಸ್ನಾಯು ಅದನ್ನು ತಾಳಿಕೊಳ್ಳುತ್ತದೆ. ಬಹುಕಾಲ ಹಸಿದಿದ್ದ ಮುದಿ ಸ್ನಾಯು ಮಾತ್ರ ಗಾಬರಿಬಿದ್ದು ಅವಸರದಲ್ಲಿ ಸೋರುವ, ಗೋಡೆ ಗಟ್ಟಿಯಿಲ್ಲದ ನಾಳಗಳನ್ನು ಹೆಣೆದುಬಿಟ್ಟಿತ್ತು.

"ಮಾಸ್ತರ್ರಿಗೆ ಬೇಕಾದದ್ದು ಸಾವಕಾಶದ ಕರೆ. ತಾಸುಗಟ್ಟಲೆ ಒಂದs ಹದದಾಗ ತುಳಿದದ್ದು. ಅಂಥಾದ್ದು ನಿನ್ನ ಹತ್ರ ಒಂದೂ ಇಲ್ಲ" ಎಂದು ತಬಸ್ಸುಮ್ ನೀಲಾಳಿಗೆ ಹೇಳಿದರು. "ಒಂದ ಸಲ ತುಳಿದ್ರೂ ಸಾಲಂಗಿಲ್ಲ. ಒಂದs ಕರೆ ದಿನಾ ಕೇಳಿಸಿದ್ರ ಸ್ನಾಯು ಬ್ಯಾಸತ್ತು ಕಿವಿ ಮುಚ್ಕೋತೈತಿ. ದಿನಾ ಹೊಸಾದು ಬೇಕು. ಮೂರು ನಾಕು ತಿಂಗಳು. ನಿನ್ನ ರಾಜ್ಯ ತಂಡದ ಆಯ್ಕೆ ಪಂದ್ಯ ಯಾವಾಗ?"

"ಮೂರ ತಿಂಗಳಿಗೆ."

ದಿನವೂ ಗಂಟೆಗಟ್ಟಲೆ ನಿಧಾನ ತುಳಿದರೆ ಸ್ಪ್ರಿಂಟಿನ ಚುರುಕು ಮಂಕಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ತರಬೇತುದಾರ ಚವ್ಹಾಣರು ವಿಷಯ ಕೇಳಿ ಕೂಗಾಡಿದರು. ಆಕೆಯನ್ನು ಹನ್ನೆರಡನೆಯ ವಯಸ್ಸಿನಿಂದ ಬೆಳೆಸಿದವರು ಅವರು. "ಚಿಗರಿಗೆ ಎತ್ತಿನ ನಡಿಗಿ ಕಲಸ್ತೀಯೇನು? ಒಂದ್ ವರ್ಷ ಹೋದ್ರ ಮತ್ತ ಬರಂಗಿಲ್ಲ ನೀಲಾ!"

"ಪಾದ ಹೋದ್ರೂ ಬರಂಗಿಲ್ರಿ ಸರ್" ಎಂದಳು ನೀಲಾ. ಅವರ ಕಣ್ಣು ನೋಡುವ ಧೈರ್ಯವಾಗದೆ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಮಾಡುತ್ತಾ ನಿಂತಳು.

ಮರುದಿನದಿಂದ ಆಕೆ ಬೆಳಗಾಗುತ್ತಲೇ ತೊಡೆಗೆ ಕರೆಪಟ್ಟಿ ಕಟ್ಟಿಕೊಂಡು ಬಬಲೇಶ್ವರದ ರಸ್ತೆ ಹಿಡಿದಳು. ಮೊದಮೊದಲು ನಿಧಾನವೆಂಬುದೇ ಆಕೆಗೆ ಶಿಕ್ಷೆಯಾಯಿತು. ಹಾಲಿನ ಕ್ಯಾನು ಕಟ್ಟಿಕೊಂಡ ಮೋಟರ್ ಸೈಕಲ್ಲುಗಳು ದಾಟಿ ಹೋಗುತ್ತಿದ್ದವು, ಕಾಲು ತಾನಾಗಿಯೇ ಅವುಗಳ ಬೆನ್ನಟ್ಟಲು ಹವಣಿಸುತ್ತಿತ್ತು. ಬರಬರುತ್ತಾ ಆಕೆ ಕಣ್ಣು ಬಿಟ್ಟು ನೋಡತೊಡಗಿದಳು. ಕುಸುಬೆಯ ಹೊಲ ಹಳದಿಯಾಗುವುದನ್ನು, ದ್ರಾಕ್ಷಿ ಒಣಗಿಸುವ ಶೆಡ್ಡುಗಳನ್ನು, ಯಾವ ದಿಬ್ಬದಲ್ಲಿ ಗಾಳಿ ಎದುರಾಗುತ್ತದೆ ಎಂಬುದನ್ನು.

ಸಂಜೆ ಮಾಸ್ತರರು ಹೊಸ ಕರೆ ತುಂಬಿಸಿದ ಪಟ್ಟಿ ಕಟ್ಟಿಕೊಂಡು ಪಡಸಾಲೆಯ ಮಂಚದ ಮೇಲೆ ಒರಗುತ್ತಿದ್ದರು. ಅಡುಗೆಮನೆಯಿಂದ ಸುಭದ್ರವ್ವ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಮಾಸ್ತರರು ಪಟ್ಟಿಯ ಒತ್ತಡದಲ್ಲೇ ಮಗಳ ಸವಾರಿಯನ್ನು ಓದಲು ಕಲಿತರು.

"ಇವತ್ತ ಎದುರಗಾಳಿ ಭಾಳ ಇತ್ತೇನವಾ?"

"ಹೂಂ. ಸಾರವಾಡ ದಾಟಿದ ಮ್ಯಾಲೆ."

"ಇಲ್ಲಿ ನಿಂತಿ ನೋಡು. ಯಾಕ ನಿಂತಿ?"

"ಕುರಿ ಅಡ್ಡ ಬಂದ್ವು."

"ಇದೇನು, ಇಲ್ಲಿ ಜೋರ ಹೊಡದಿ! ಸಾವಕಾಶ ಅಂತ ಹೇಳಿದ್ದಿಲ್ಲೇನು ಡಾಕ್ಟರು?"

"ನಾಯಿ ಬೆನ್ನ ಹತ್ತಿತ್ತಪಾ!"

ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ಸುಭದ್ರವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಆ ನಾಯಿ ಇವರ ಕಾಲಿಗೂ ಬೆನ್ನ ಹತ್ತಿತೇನ ಮತ್ತ?" ಎಂದು ಕೇಳಿದಳು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಮೂವರೂ ಒಟ್ಟಿಗೆ ನಕ್ಕಿದ್ದರು.

ತಿಂಗಳ ಕೊನೆಯ ಚಿತ್ರದಲ್ಲಿ ಮೀನಖಂಡದ ತುಂಬ ನವಿರಾದ ಹೊಸ ಕವಲುಗಳು ಕಂಡವು. ಹಳೆಯ ಸಣ್ಣ ನಾಳಗಳು ಕೆಲವು ಅಗಲಗೊಂಡು ಮುಚ್ಚಿದ ದಾರಿಯನ್ನು ಬಳಸಿ ಹರಿಯುತ್ತಿದ್ದವು. ಬೆರಳಿನ ಹುಣ್ಣಿನ ಅಂಚು ಗುಲಾಬಿಯಾಗಿತ್ತು. ಇನ್ನು ಮೇಲೆ ದಿನವೂ ನಡೆಯಬೇಕು ಎಂದು ತಬಸ್ಸುಮ್ ಕಟ್ಟಪ್ಪಣೆ ಮಾಡಿದರು. ಬೆರಳಿಗೆ ಭಾರ ಬೀಳದಂಥ ಬೂಟು ಮಾಡಿಸಿಕೊಟ್ಟರು. "ಕರೆ ಕೇಳಿ ನಾಳ ಬರ್ತಾವ್ರಿ ಸರ್. ಬಂದ ಮ್ಯಾಲೆ ರಕ್ತ ಹರೀಲಿಲ್ಲಂದ್ರ ಮೈ ಅವನ್ನ ಬ್ಯಾಡಂತ ಅಳಿಸಿಬಿಡ್ತೈತಿ. ನೋವು ಬರೂ ಮಟಾ ನಡೀರಿ, ನಿಲ್ರಿ, ಮತ್ತ ನಡೀರಿ."

ಆದರೆ ಅದರ ಮುಂದಿನ ಚಿತ್ರ ನೋಡಿ ತಬಸ್ಸುಮ್ ಹಣೆ ಹಿಡಿದುಕೊಂಡರು. ಹೊಸ ಕವಲುಗಳಲ್ಲಿ ಅರ್ಧಕ್ಕರ್ಧ ಕಾಣೆಯಾಗಿದ್ದವು.

"ನೀ ತುಳ್ಯೂದು ಬಿಟ್ಟಿಲ್ಲಲಾ?"

"ಒಂದ ದಿನಾನೂ ಬಿಟ್ಟಿಲ್ರಿ."

ನೀಲಾ ಮನೆಗೆ ಬಂದವಳೇ ತಾಯಿಯನ್ನು ಹಿತ್ತಿಲಿಗೆ ಕರೆದು ಕೇಳಿದಳು. ಸುಭದ್ರವ್ವ ಮೊದಲು ಸೆರಗಿನ ತುದಿ ತಿರುವುತ್ತಾ ನಿಂತಳು, ಆಮೇಲೆ ಹೇಳಿದಳು. ಚವ್ಹಾಣರು ಒಂದು ಮಧ್ಯಾಹ್ನ ಮನೆಗೆ ಬಂದಿದ್ದರು. ಹುಡುಗಿಯ ವೇಗ ಹೋಯಿತು, ಸ್ಪ್ರಿಂಟಿನಲ್ಲಿ ಈಗ ಕಿರಿಯರೂ ಆಕೆಯನ್ನು ಹಿಂದೆ ಹಾಕುತ್ತಾರೆ ಎಂದು ಹೇಳಿ, ಕಣ್ಣೊರೆಸಿಕೊಂಡು ಹೋಗಿದ್ದರು. ಅಂದಿನಿಂದ ಮಾಸ್ತರರು ನಡೆಯಲು ಹೊರಬೀಳಲಿಲ್ಲ. ಮಗಳು ಸಂಜೆಯ ಸ್ಪ್ರಿಂಟ್ ಅಭ್ಯಾಸಕ್ಕೆ ಹೋದೊಡನೆ ಪಟ್ಟಿಯನ್ನು ಬಿಚ್ಚಿ, ಅದು ಓಡುತ್ತಲೇ ಇರಲೆಂದು ದಿಂಬಿಗೆ ಕಟ್ಟಿ ಇಡುತ್ತಿದ್ದರು.

ನೀಲಾ ಪಡಸಾಲೆಗೆ ಬಂದಳು. "ಅಪ್ಪಾ, ನಾ ದಿನಾ ಬಬಲೇಶ್ವರಕ್ಕ ಹೋಗಿ ಬಂದದ್ದು ದಿಂಬಿನ ಸಲುವಾಗೇನು?"

ಮಾಸ್ತರರು ತಲೆಯೆತ್ತಲಿಲ್ಲ. "ಪಟ್ಟಿ ಒತ್ತಿದಾಗೊಮ್ಮೆ ನಿನ್ನ ಕಾಲಿನ ಕಸುವು ನಾ ತಿನ್ನಾಕತ್ತೀನಿ ಅನಸ್ತೈತಿ ನೀಲಾ. ನನ್ನ ಓಡೂ ಕಾಲ ಮುಗದೈತಿ. ನಿಂದು ಈಗ ಸುರು. ಒಂದ ಪಾದ ಹೋದ್ರ ಹೋಗಲಿ ಬಿಡು. ನಾ ಬಿಟ್ಟು ಕಾಲು ಗುಣ ಆಗಲಿಲ್ಲಂದ್ರ ನೀನೂ ಬಿಡ್ತಿ ಅಂತ ತಿಳದೆ."

"ನೀ ಬಿಟ್ರ ನಾ ಬಿಡತೀನಂತ ಯಾರ ಹೇಳಿದ್ರು?" ಆಕೆ ಅವರ ಕಾಲ ಬಳಿ ನೆಲದ ಮೇಲೆ ಕುಳಿತಳು. "ನಾ ಪಂದ್ಯ ಸೋಲಬಹುದು. ಅದು ನನ್ನ ಸೋಲು, ನನ್ನ ಪಾಲಿಂದು. ಅದನ್ನ ನೀ ಕಸಗೊಂಡು ನಿನ್ನ ತಲಿಮ್ಯಾಲೆ ಹಾಕ್ಕೋಬ್ಯಾಡ. ನೀ ಪಟ್ಟಿ ಕಟ್ಕೋ, ಬಿಡು, ನಾಳೆ ಬೆಳಿಗ್ಗೆ ನಾ ಸೈಕಲ್ ತಗೊಂಡು ಹೋಗಾಕಿನs. ದಿಂಬಿಗೆ ಕಾಲು ಬರೂ ಮಟಾ ಹೋಗಾಕಿನs."

ಮಾಸ್ತರರ ಗಲ್ಲ ಅದುರಿತು. ಅಳು ಬರುತ್ತದೆಂದು ನೀಲಾ ಹೆದರಿದಳು. ಬಂದದ್ದು ನಗು. ನಗುತ್ತಲೇ ಅವರು ಕಣ್ಣೊರೆಸಿಕೊಂಡು, "ಪಟ್ಟಿ ಎಲ್ಲೈತಿ ಕೊಡ ಇಲ್ಲೆ" ಎಂದರು. ಪಟ್ಟಿ ಬಿಗಿಯುತ್ತಾ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಬೀದ್ಯಾಗ ನಡ್ಯಾಕ ನಾಚಿಕಿ ಆಗ್ತೈತವಾ. ನಾ ಓಡಿಸಿದ ಹುಡುಗುರು ಅದಾರ ಅಲ್ಲಿ."

ಹಾಗಾಗಿ ಅವರು ನಡೆದದ್ದು ವೆಲೋಡ್ರೋಮಿನ ನಡುವಿನ ಹುಲ್ಲಿನ ಮೇಲೆ. ನೀಲಾ ಈಗ ರಸ್ತೆ ಬಿಟ್ಟು ಅಲ್ಲೇ ಟ್ರ್ಯಾಕಿನಲ್ಲಿ ಒಂದೇ ಹದದಲ್ಲಿ ಸುತ್ತುತ್ತಿದ್ದಳು. ತಂದೆ ನೋವಿಗೆ ನಿಂತಾಗ ಆಕೆ ನಿಲ್ಲುತ್ತಿರಲಿಲ್ಲ. ನಿಲ್ಲಬಾರದೆಂದು ಅವರೇ ತಾಕೀತು ಮಾಡಿದ್ದರು. ಕೆಲವೊಮ್ಮೆ ಅವರು ಹುಲ್ಲಿನ ಮೇಲೆ ಕುಳಿತುಬಿಡುತ್ತಿದ್ದರು, ಮುಖ ಹಿಂಡಿಕೊಂಡು ಮೀನಖಂಡವನ್ನು ತಿಕ್ಕುತ್ತಿದ್ದರು. ಆಕೆ ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಎದ್ದಿರುತ್ತಿದ್ದರು. ತಬಸ್ಸುಮ್ ಒಮ್ಮೊಮ್ಮೆ ಪ್ರಯೋಗಾಲಯದ ಕಿಟಕಿಯಿಂದ ನೋಡುತ್ತಾ, ಫೋನ್ ಮಾಡಿದವರಿಗೆಲ್ಲ "ಸ್ವಲ್ಪ ಕಾಯ್ರಿ" ಎನ್ನುತ್ತಿದ್ದರು.

ಆಯ್ಕೆ ಪಂದ್ಯದಲ್ಲಿ ನೀಲಾ ಐದನೆಯವಳಾದಳು. ಒಬ್ಬರಿಗಾಗಲಿ ಇಬ್ಬರಿಗಾಗಲಿ ಅಲ್ಲ, ನಾಲ್ವರಿಗೆ ಸೋತಿದ್ದಳು. ಗೆದ್ದವರನ್ನು ಅಪ್ಪಿಕೊಂಡು ಬಂದು, ಬಟ್ಟೆ ಬದಲಿಸುವ ಕೋಣೆಯಲ್ಲಿ ನಲ್ಲಿ ತಿರುಗಿಸಿಟ್ಟು ಮನಸಾರೆ ಅತ್ತಳು. ಸೋಲುತ್ತೇನೆಂದು ಗೊತ್ತಿದ್ದೂ ಅಷ್ಟು ನೋವಾಗುತ್ತದೆಂದು ಆಕೆ ಎಣಿಸಿರಲಿಲ್ಲ. ಮನೆಗೆ ಬಂದಾಗ ಸುಭದ್ರವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಮಾಸ್ತರರು ತಮ್ಮ ತಾಟಿನ ಬೆಣ್ಣೆಯನ್ನೂ ಆಕೆಯ ರೊಟ್ಟಿಗೆ ದಾಟಿಸಿದರು.

ಮಾರನೆಯ ಬೆಳಿಗ್ಗೆ ಆಕೆ ಮತ್ತೆ ಟ್ರ್ಯಾಕಿನಲ್ಲಿದ್ದಳು. ಇನ್ನೂ ಒಂದು ತಿಂಗಳ ಕರೆ ಬಾಕಿಯಿತ್ತು.

ಆ ತಿಂಗಳು ಮುಗಿಯುವ ಹೊತ್ತಿಗೆ ಬೆರಳಿನ ಹುಣ್ಣು ಒಣಗಿ ಹೊಸ ಚರ್ಮ ಬಂದಿತ್ತು. ಪಾದ ತೆಗೆಯುವ ಮಾತನ್ನು ಆಸ್ಪತ್ರೆಯ ವೈದ್ಯರು ಕೈಬಿಟ್ಟರು. ಕೊನೆಯ ಚಿತ್ರ ತೆಗೆದ ದಿನ ತಬಸ್ಸುಮ್ ಪರದೆಯ ಮುಂದೆ ತಂದೆಮಗಳಿಬ್ಬರನ್ನೂ ಕೂರಿಸಿಕೊಂಡರು. ಮುಚ್ಚಿದ ದೊಡ್ಡ ನಾಳ ಹಾಗೇ ಮುಚ್ಚಿತ್ತು. ಅದರ ಎರಡೂ ಬದಿಗೆ ಅಂಕುಡೊಂಕಾದ ನಾಳಗಳು ತುಂಬಿಕೊಂಡು ಹರಿಯುತ್ತಿದ್ದವು, ಅವುಗಳಿಂದ ಕೆಳಗೆ ಮೀನಖಂಡದ ಉದ್ದಕ್ಕೂ ದಟ್ಟವಾದ ಸಣ್ಣ ಜಾಲ.

"ಇನ್ನ ಪಟ್ಟಿ ಬ್ಯಾಡ್ರಿ ಸರ್. ದಿನಾ ನಡೀತೀರಿ ಅಂದ್ರ ಇವು ಎಲ್ಲೂ ಹೋಗಂಗಿಲ್ಲ. ಈಗಿಂದ ನಿಮ್ಮ ಕಾಲು ತನ್ನ ಕರೆ ತಾನs ಕೊಡತೈತಿ." ಆಮೇಲೆ ಅವರು ಇನ್ನೊಂದು ಚಿತ್ರ ತೆಗೆದರು. "ಇದು ನೀಲಾನ ತೊಡಿ. ಆಕಿ ತುಳಿದದ್ದು ಬರೀ ನಿಮಗ ಹೋಗಿಲ್ಲ, ನೋಡ್ರಿ. ಆಕಿ ಸ್ನಾಯು ತನ್ನ ಕರೆ ತಾನೂ ಕೇಳೈತಿ. ಸ್ಪ್ರಿಂಟ್ ಮಾಡವ್ರ ಕಾಲಾಗ ಇಷ್ಟ ಲೋಮನಾಳ ನಾ ಕಂಡಿಲ್ಲ. ಈ ಕಾಲು ಕೆಲವು ಸೆಕೆಂಡ್ ಅಲ್ಲ, ನಿಮಿಷಗಟ್ಟಲೆ ಉರೀತೈತಿ. ಚವ್ಹಾಣ ಸರ್ಗೆ ತೋರಿಸೀನಿ."

ಚವ್ಹಾಣರು ಆಗಲೇ ಹೊರಗೆ ಟ್ರ್ಯಾಕಿನ ಅಂಚಿನಲ್ಲಿ ನಿಂತಿದ್ದರು. ನಾಲ್ಕು ತಿಂಗಳಿಂದ ಆಕೆಯೊಂದಿಗೆ ನೆಟ್ಟಗೆ ಮಾತಾಡದವರು ಈಗಲೂ ಆಕೆಯನ್ನು ನೋಡದೆ ಹೇಳಿದರು. "ಪರ್ಸ್ಯೂಟ್ ಪಂದ್ಯದ ಆಯ್ಕೆ ಮುಂದಿನ ತಿಂಗಳೈತಿ. ಅದು ಉದ್ದನ್ನ ಪಂದ್ಯ. ಸುಮ್ನ ನೋಡೂಣು, ಒಂದ ಸಲ ಹೊಡಿ."

ನೀಲಾ ಸೈಕಲ್ ಏರಿದಳು. ಮಾಸ್ತರರು ಹುಲ್ಲಿನ ನಡುವೆ ಹೋಗಿ ನಿಂತರು. ಮೊದಲ ಸುತ್ತಿನಲ್ಲಿ ಆಕೆಯ ಕಾಲು ರೂಢಿಯಂತೆ ಸಾವಕಾಶದ ಹದಕ್ಕೇ ಇಳಿಯಿತು. ತಿಂಗಳುಗಳಿಂದ ಕೂಡಿಸಿಕೊಂಡ ಎಚ್ಚರ ಬೇಗ ಬಿಟ್ಟುಹೋಗಲಿಲ್ಲ. ಜೋರಾಗಿ ತುಳಿದರೆ ಎಲ್ಲೋ ಒಂದು ತೊಡೆ ಊದೀತೆಂಬ ಅಂಜಿಕೆ. ಹುಲ್ಲಿನ ನಡುವಿನಿಂದ ಗುಡುಗು ಬಂತು.

"ನೀಲಾ! ಯಾರಿಗೆ ತುಳ್ಯಾಕತ್ತೀ? ನನಗ ಸಾಕಾತು! ನಿನಗ ತುಳಿ!"

ಆಕೆ ಮೈ ಬಗ್ಗಿಸಿದಳು. ಇಳಿಜಾರಿನ ಗೋಡೆ ಪಕ್ಕದಲ್ಲಿ ಹರಿಯತೊಡಗಿತು. ಎರಡನೆಯ ಸುತ್ತು, ಮೂರನೆಯದು. ಹಿಂದೆ ಇಷ್ಟರಲ್ಲಿ ತೊಡೆಗೆ ಬೆಂಕಿ ಬೀಳುತ್ತಿತ್ತು, ಕಾಲು ಕಲ್ಲಾಗುತ್ತಿತ್ತು. ಬೆಂಕಿ ಈಗಲೂ ಬಂತು, ಆದರೆ ಅದರ ಬೆನ್ನಿಗೇ ರಕ್ತವೂ ಬಂತು. ಮತ್ತೆ ಬಂತು. ಒಳಗಿನ ಯಾವುದೋ ಬಾಗಿಲುಗಳು ಒಂದರ ಹಿಂದೊಂದು ತೆರೆಯುತ್ತಿವೆ ಅನಿಸಿತು. ಉಸಿರು ಹರಿದುಹೋಗುತ್ತಿದ್ದರೂ ಆಕೆಗೆ ನಗಬೇಕೆನಿಸಿತು.

ಗೆರೆ ದಾಟಿದಾಗ ಚವ್ಹಾಣರು ಗಡಿಯಾರ ನೋಡಿದರು, ಅಲುಗಾಡಿಸಿ ಮತ್ತೆ ನೋಡಿದರು. ಹುಲ್ಲು ದಾಟಿ ಹೋಗಿ ಮಾಸ್ತರರಿಗೆ ತೋರಿಸಿದರು.

"ನನಗೇನ್ ತೋರಸ್ತೀರ್ರಿ? ಆಕಿಗೆ ತೋರಸ್ರಿ" ಎಂದರು ಮಾಸ್ತರರು. ಆದರೂ ಚವ್ಹಾಣರ ಕೈ ಹಿಡಿದು ಗಡಿಯಾರವನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಚವ್ಹಾಣರು ನೀಲಾಳ ಕಡೆ ತಿರುಗಿ, "ನಾಳೆ ಇಷ್ಟೊತ್ತಿಗೇ ಬಾ" ಎಂದಷ್ಟೇ ಕೂಗಿ ಹೇಳಿ, ಬೇಗಬೇಗ ನಡೆದು ಹೋದರು.

ನೀಲಾ ಇಳಿಯಲು ಹೋದಾಗ ಮಾಸ್ತರರು ತಡೆದರು. "ಇಳೀಬ್ಯಾಡ. ಇನ್ನೊಂದ ಸುತ್ತು ಸಾವಕಾಶ ಹೋಗು. ಕಾಲು ಆರಲಿ."

ಆಕೆ ಟ್ರ್ಯಾಕಿನ ಕೆಳಗಿನ ಸಮತಟ್ಟಾದ ಅಂಚಿಗೆ ಇಳಿದು ಮೆಲ್ಲಗೆ ಹೊರಟಳು. ಒಳಗಡೆಯಿಂದ, ಹುಲ್ಲಿನ ಮೇಲೆ, ಮಾಸ್ತರರು ಆಕೆಯ ಜೊತೆಗೇ ನಡೆದರು. ಹೆಜ್ಜೆ ಭಾರವಾಗಿರಲಿಲ್ಲ. ಅವರ ವೇಗಕ್ಕೆ ಸರಿಹೊಂದಲು ಆಕೆ ಇನ್ನೂ ನಿಧಾನ ಮಾಡಿದಳು, ಸೈಕಲ್ ಓಲಾಡತೊಡಗಿತು.

"ಬೀಳ್ತಿ ನೋಡು. ಮುಂದ ಹೋಗು" ಎಂದರು ಮಾಸ್ತರರು.

"ನೀ?"

"ನಾ ಹಿಂದ ಅದೀನಿ. ನೀ ಹೋಗವಾ."

ನೀಲಾ ಹೋದಳು. ಆ ತುದಿಯ ತಿರುವಿನಲ್ಲಿ ತಿರುಗಿ ನೋಡಿದಾಗ ತಂದೆ ಬೆಳಗಿನ ಬಿಸಿಲಿನಲ್ಲಿ ಎರಡೂ ಕೈ ಬೀಸುತ್ತಾ, ಎಲ್ಲಿಯೂ ನಿಲ್ಲದೆ ನಡೆದು ಬರುತ್ತಿದ್ದರು.